ಹಣ್ಣುನೊಣದ ಮೋಹಕ ಬಲೆ: ಹಿತ್ತಲ ಮಾವು, ಸೀಬೆಗಳಲ್ಲಿ ನಾಲ್ಕು ವರ್ಷದ ಬಳಕೆ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಬಾದಾಮಿ ಮಾವು, ಎರಡು ಸೀಬೆ ಮರಗಳಿವೆ. ಅವುಗಳಿಗೆ 2021ರಿಂದ ನಾಲ್ಕು ವರ್ಷ ಸತತವಾಗಿ, ಹಣ್ಣುನೊಣವನ್ನು ವಾಸನೆಯಿಂದ ಸೆಳೆಯುವ ಮೀಥೈಲ್ ಯೂಜಿನಾಲ್ ಎಂಬ ದ್ರವ್ಯದ ಬಲೆಯನ್ನು ಕಟ್ಟಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ಮಳೆಗಾಲದ ಸೀಬೆ ನಮ್ಮ ಬಾಯಿಗೆ ಬಿದ್ದದ್ದೇ ಅಪರೂಪ. ಸೂಜಿ ಚುಚ್ಚಿದಂಥ ಒಂದು ಕಪ್ಪು ಚುಕ್ಕೆಯನ್ನು ಬಿಟ್ಟರೆ ಹಣ್ಣು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಹೆಚ್ಚಿದರೆ ತಿರುಳು ನೀರಾಗಿರುತ್ತಿತ್ತು, ಹಣ್ಣುನೊಣದ ಮರಿಗಳಾದ ಬಿಳಿಯ ಹುಳುಗಳು ತಟ್ಟೆಯ ಮೇಲೆ ಚಿಮ್ಮಿ ನೆಗೆಯುತ್ತಿದ್ದವು. ಬೇವಿನೆಣ್ಣೆ ಸಿಂಪಡಿಸಿದರೂ ಒಮ್ಮೆ ಹುಳು ಒಳಹೊಕ್ಕ ಹಣ್ಣನ್ನು ಉಳಿಸಿಕೊಳ್ಳಲಾಗಲಿಲ್ಲ.

ಬಲೆಯೆಂದರೆ ಪಕ್ಕದಲ್ಲಿ ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ಮರದ ತುಂಡು ತೂಗುತ್ತಿರುತ್ತದೆ. ಆದ್ದರಿಂದ ಕೈಗವಸಿಲ್ಲದೆ ಅದನ್ನು ಮುಟ್ಟಬಾರದು, ಮಕ್ಕಳ ಕೈಗೆ ಎಟುಕುವಂತೆ ಕಟ್ಟಲೂಬಾರದು. ತುಳಸಿಯಲ್ಲೂ ಇರುವ ಈ ಸುಗಂಧದ್ರವ್ಯಕ್ಕೆ ಹಣ್ಣುನೊಣಗಳು ಮುತ್ತುವುದನ್ನು ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್ 1915ರಷ್ಟು ಹಿಂದೆಯೇ ವರದಿ ಮಾಡಿದ್ದರು.

ಮೊದಲ ವರ್ಷ ವಾರದೊಳಗೆ ಡಬ್ಬಿಯ ತಳ ಕಾಣದಷ್ಟು ನೊಣಗಳು ಬಿದ್ದವು. ಕಣಜದಂತೆ ಸಣ್ಣ ಸೊಂಟ, ಬೆನ್ನಿನ ಮೇಲೆ ಹಳದಿ ಗೆರೆ. ಅದನ್ನು ಕಂಡು ಕೆಲಸ ಮುಗಿಯಿತೆಂದು ನಾನು ನಂಬಿದ್ದೇ ತಪ್ಪಾಯಿತು. ಸೀಬೆಗೆ ಆ ವರ್ಷವೂ ಹುಳು ಬಿತ್ತು. ಈ ವಾಸನೆಗೆ ಬರುವುದು ಗಂಡು ನೊಣ ಮಾತ್ರ. ಅದಾಗಲೇ ಕೂಡಿದ ಹೆಣ್ಣು ಹಣ್ಣಿನ ಸಿಪ್ಪೆಯಡಿ ಮೊಟ್ಟೆಯಿಡುತ್ತಲೇ ಇರುತ್ತದೆ, ಉದುರಿದ ಹಣ್ಣಿನಿಂದ ಹೊರಬಂದ ಹುಳು ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಮೇಲೇಳುತ್ತದೆ. ಎರಡನೆಯ ವರ್ಷದಿಂದ ಬಿದ್ದ ಹಣ್ಣುಗಳನ್ನು ಪ್ರತಿದಿನ ಬೆಳಿಗ್ಗೆ ಆಯ್ದು, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ವಾರವಿಡೀ ಬಿಸಿಲಿಗಿಟ್ಟು, ಆಮೇಲೆ ಆಳವಾಗಿ ಹೂಳುತ್ತಿದ್ದೇನೆ. ಬುಡದ ಮಣ್ಣನ್ನು ಆಗಾಗ ಕೆದಕುತ್ತೇನೆ. ಮಾವಿಗೆ ಬಲೆಯನ್ನು ಮಾರ್ಚ್ ಕೊನೆಗೇ, ಅಂದರೆ ಕೊಯ್ಲಿಗೆ ಒಂದೂವರೆ ತಿಂಗಳಿಗೂ ಮೊದಲೇ ಕಟ್ಟುತ್ತೇನೆ. ಅಕ್ಕಪಕ್ಕದ ಎರಡು ಮನೆಯವರೂ ಬಲೆ ಕಟ್ಟಿದ ಮೇಲೆ ಮಾವಿನಲ್ಲಿ ಹುಳುಕು ಕಾಣುವುದು ಬಹುತೇಕ ನಿಂತಿದೆ. ಮಳೆಗಾಲದ ಸೀಬೆಯಲ್ಲಿ ಇಂದಿಗೂ ನಾಲ್ಕಕ್ಕೆ ಒಂದು ಹಾಳಾಗುತ್ತದೆ; ಎಳೆಗಾಯಿಗೇ ಕಾಗದದ ಚೀಲ ಕಟ್ಟಿದವು ಮಾತ್ರ ಪೂರ್ತಿ ಉಳಿಯುತ್ತವೆ.

ದೋಷಗಳೂ ಇವೆ. ಎರಡನೆಯ ಬೇಸಿಗೆಗೆ ಮುಚ್ಚಳದ ಕೊಕ್ಕೆ ಬಿಸಿಲಿಗೆ ಸೀಳಿತು, ಈಗ ತಂತಿಯಿಂದ ಕಟ್ಟಿದ್ದೇನೆ. ಸತ್ತ ನೊಣಗಳಿಗೆ ಇರುವೆ ಸಾಲುಗಟ್ಟುವುದರಿಂದ ಆ ತಂತಿಗೆ ಗ್ರೀಸ್ ಸವರಬೇಕು. ಒಮ್ಮೆ ಆನ್‌ಲೈನ್‌ನಲ್ಲಿ ತರಿಸಿದ ತುಂಡಿಗೆ ವಾಸನೆಯೇ ಇರಲಿಲ್ಲ; ಹತ್ತು ದಿನಕ್ಕೆ ಒಂದು ನೊಣವೂ ಬೀಳಲಿಲ್ಲ, ಮಾರಿದವರು ಬದಲಿಸಿಯೂ ಕೊಡಲಿಲ್ಲ. ಅಂದಿನಿಂದ ಲಕೋಟೆಯ ಮೇಲಿನ ತಯಾರಿಕೆಯ ದಿನಾಂಕವನ್ನು ನೋಡಿಯೇ ಕೊಳ್ಳುತ್ತೇನೆ ಮತ್ತು ತುಂಡನ್ನು ಎರಡು ತಿಂಗಳಿಗೊಮ್ಮೆ ಬದಲಿಸುತ್ತೇನೆ. ಹೀರೆ, ಹಾಗಲ ಬಳ್ಳಿಗಳ ನೊಣ ಬೇರೆ ಜಾತಿಯದಾದ್ದರಿಂದ ಅದಕ್ಕೆ ಕ್ಯೂಲ್ಯೂರ್ ಎಂಬ ಬೇರೆ ಆಕರ್ಷಕ ದ್ರವ್ಯ ಇರುವ ತುಂಡನ್ನೇ ಕೇಳಿ ಪಡೆಯಬೇಕು.