ಹಳೆಯ ರೋಡ್‌ಕಿಂಗ್‌ಗೆ ಹೊಸ ಗ್ಯಾಸ್ ಷಾಕ್ ಅಬ್ಸಾರ್ಬರ್: ಎರಡು ವರ್ಷಗಳ ಬಳಕೆಯ ನಂತರ

ನನ್ನ ಬಳಿ ಇರುವುದು 1989ರ ಯೆಜ್ಡಿ ರೋಡ್‌ಕಿಂಗ್ ಬೈಕ್. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ, ಬಿಡಿಭಾಗ ಹುಡುಕುವುದೇ ಈ ಗಾಡಿ ಇಟ್ಟುಕೊಂಡವರ ಅರ್ಧ ಕೆಲಸವಾಗಿದೆ. ಹಿಂಬದಿಯ ಮೂಲ ಷಾಕ್ ಅಬ್ಸಾರ್ಬರ್‌ಗಳಲ್ಲಿ ಒಂದರ ಸೀಲು ಸೋರಿ ಎಣ್ಣೆ ಇಳಿದುಹೋಗಿತ್ತು. ಸೀಟಿನ ಹಿಂಭಾಗವನ್ನು ಒಮ್ಮೆ ಒತ್ತಿ ಬಿಟ್ಟರೆ ಗಾಡಿ ಮೂರು ನಾಲ್ಕು ಬಾರಿ ಕುಣಿಯುತ್ತಿತ್ತು. ಭಾರ ಹೊರುವುದು ಸ್ಪ್ರಿಂಗಾದರೂ ಅದರ ಕುಣಿತವನ್ನು ತಡೆಯುವುದು ಸಣ್ಣ ರಂಧ್ರಗಳ ಮೂಲಕ ನುಗ್ಗುವ ಎಣ್ಣೆಯಾದ್ದರಿಂದ, ಸೀಲು ಹೋದ ಮೇಲೆ ಸ್ಪ್ರಿಂಗ್ ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಗ್ಯಾಸ್ ತುಂಬಿದ ಜೋಡಿಯೊಂದನ್ನು ತರಿಸಿ ಮನೆಯಂಗಳದಲ್ಲೇ ಹಾಕಿದೆ. ಕೊಳ್ಳುವ ಮೊದಲು ನೋಡಬೇಕಾದದ್ದು ಬೆಲೆಗಿಂತ ಅಳತೆ. ಷಾಕ್‌ನ ಮೇಲಿನ ಕಣ್ಣಿನ (ಬೋಲ್ಟ್ ಹಾಕುವ ಬಳೆಯ) ನಡುಬಿಂದುವಿನಿಂದ ಕೆಳಗಿನ ಕಣ್ಣಿನ ನಡುಬಿಂದುವಿನವರೆಗಿನ ಉದ್ದ ಹಳೆಯದಕ್ಕೆ ಸರಿಹೊಂದಬೇಕು. ಉದ್ದ ಹೆಚ್ಚಾದರೆ ಹಿಂಭಾಗ ಎತ್ತರವಾಗಿ ಚೈನಿನ ಬಿಗಿತವೂ ಸ್ಟ್ಯಾಂಡಿನ ನಿಲುವೂ ಬದಲಾಗುತ್ತವೆ. ನನಗೆ ಬಂದ ಜೋಡಿಯ ಉದ್ದ ಸರಿಯಿತ್ತು, ಆದರೆ ಆ ಕಣ್ಣುಗಳೊಳಗಿನ ರಬ್ಬರ್ ಬುಷ್‌ಗಳ ತೂತು ದೊಡ್ಡದಾಗಿದ್ದರಿಂದ ಲೇತ್ ಅಂಗಡಿಯಲ್ಲಿ ತೂತಿನೊಳಗೆ ಕೂರುವ ನಾಲ್ಕು ಉಕ್ಕಿನ ಸ್ಲೀವ್‌ಗಳನ್ನು (ಸಣ್ಣ ಕೊಳವೆಗಳನ್ನು) ಕಡೆಸಬೇಕಾಯಿತು. ಗಾಡಿಗೆ ಹೊಂದುತ್ತದೆ ಎಂದು ಹೇಳಿಯೇ ಮಾರಿದ್ದವರು ಈ ಬಗ್ಗೆ ಬರೆದ ಪತ್ರಕ್ಕೆ ಉತ್ತರಿಸಲಿಲ್ಲ.

ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿದ್ದೆ. ಆ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದ ನೆರೆಮನೆಯ ಹಿರಿಯರು ಕಾಂಪೌಂಡಿನ ಆಚೆಯಿಂದ, "ಎರಡನ್ನೂ ಒಟ್ಟಿಗೆ ಬಿಚ್ಚಬೇಡಪ್ಪ, ಚಕ್ರ ಜೋತುಬೀಳುತ್ತೆ" ಎಂದು ಎಚ್ಚರಿಸಿದರು. ಒಂದು ಬದಿಯದನ್ನು ಪೂರ್ತಿ ಕೂರಿಸಿದ ನಂತರ ಇನ್ನೊಂದಕ್ಕೆ ಕೈ ಹಾಕಿದ್ದರಿಂದ ತೂತುಗಳು ಎದುರುಬದುರಾಗಿಯೇ ಉಳಿದವು. ಕೊನೆಯ ಬಿಗಿತವನ್ನು ಮಾತ್ರ ಗಾಡಿಯನ್ನು ನೆಲಕ್ಕಿಳಿಸಿ, ಮೇಲೆ ಒಬ್ಬರನ್ನು ಕೂರಿಸಿ ಕೊಡುವುದು ಒಳ್ಳೆಯದು. ಇಲ್ಲವಾದರೆ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತದೆ.

ನಿಜವಾದ ಪರೀಕ್ಷೆ ನಡೆದದ್ದು ಮಂಡ್ಯದ ದಾರಿಯಲ್ಲಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥಕ್ಕೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲವಾದ್ದರಿಂದ ನಮ್ಮ ಪಾಲಿಗೆ ಉಳಿದಿರುವುದು ಸರ್ವೀಸ್ ರಸ್ತೆ, ಅದರ ಹಂಪುಗಳು ಮತ್ತು ಕಬ್ಬಿನ ಗಾಡಿಗಳು. ಹಳೆಯ ಜೋಡಿ ಶ್ರೀರಂಗಪಟ್ಟಣ ದಾಟುವಷ್ಟರಲ್ಲೇ ಸೋತುಹೋಗುತ್ತಿತ್ತು. ಬಿಡುವಿಲ್ಲದೆ ಕುಲುಕಿದಾಗ ಎಣ್ಣೆ ಬಿಸಿಯಾಗಿ, ಗಾಳಿ ಬೆರೆತು ನೊರೆಯಾಗುತ್ತದೆ. ಹೊಸದರಲ್ಲಿ ಒತ್ತಡದಲ್ಲಿರುವ ನೈಟ್ರೋಜನ್ ಈ ನೊರೆಯನ್ನು ತಡೆಯುವುದರಿಂದ, ಹೊರಟಾಗಿನ ಹಿಡಿತವೇ ಮಂಡ್ಯದಲ್ಲೂ ಇರುತ್ತದೆ. ಸವಾರಿ ಮೆತ್ತಗಾಯಿತೆಂದು ಮಾತ್ರ ಹೇಳಲಾರೆ. ಒಬ್ಬನೇ ಹೋಗುವಾಗ ಸ್ಪ್ರಿಂಗಿನ ಬಿಗಿತವನ್ನು ಕೊನೆಯ ಹಂತಕ್ಕೆ ಇಳಿಸಿದರೂ ಬೆನ್ನಿಗೆ ಸಣ್ಣ ಪೆಟ್ಟುಗಳು ತಾಗುತ್ತವೆ. ಹಿಂದೆ ಮನೆಯವರು ಕುಳಿತಾಗಲೇ ಅದು ಹದಕ್ಕೆ ಬರುತ್ತದೆ.

ಹಿಂಭಾಗ ಸರಿಹೋದ ಮೇಲೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೊರತೆ ಎದ್ದುಕಂಡಿತು. ಬ್ರೇಕ್ ಹಿಡಿದರೆ ಮೂತಿ ನೆಲಕ್ಕೆ ಬಾಗುತ್ತಿತ್ತು. ಫೋರ್ಕಿನ ಎಣ್ಣೆ ಮತ್ತು ಸೀಲುಗಳನ್ನೂ ಅದೇ ಭಾನುವಾರ ಬದಲಿಸದೆ ಎರಡು ತಿಂಗಳು ತಳ್ಳಿದ್ದು ನನ್ನ ಸೋಮಾರಿತನ.

ಇದುವರೆಗೆ ಸೀಲು ಸೋರಿಲ್ಲ. ಕೆಳಗಿನ ಬುಷ್‌ಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಿರುಗುಟ್ಟತೊಡಗಿದವು; ಬಿಗಿತ ಹೊಂದಿಸುವ ಉಂಗುರದ ಲೇಪನ ಎದ್ದು ತುಕ್ಕು ಹಿಡಿದಿದೆ, ಅದನ್ನು ತಿರುಗಿಸಲು ಈಗ ಸುತ್ತಿಗೆಯ ಸಹಾಯ ಬೇಕು.