ಕಾರ್ಬಮಾಜೆಪಿನ್: ಕೆನ್ನೆಗೆ 5 ಸ್ಟಾರ್, ಕಾಲಿಗೆ 2

ನನಗೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು-ಬೆನ್ನುಹುರಿಯ ನರಗಳ ಕಾಯಿಲೆ) ಇದೆ, ಜೊತೆಗೆ ಬಲಗೆನ್ನೆಯಲ್ಲಿ ಟ್ರೈಜೆಮಿನಲ್ ನರದ, ಅಂದರೆ ಮುಖದ ಸ್ಪರ್ಶ ತಿಳಿಸುವ ನರದ ನೋವು. ಈ ಮಾತ್ರೆ ಶುರು ಮಾಡಿ ನಾಲ್ಕೈದು ವರ್ಷ ಆಯಿತು. ಅದಕ್ಕೂ ಮೊದಲು ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕರೂ ಬೇಡ ಅನ್ನುತ್ತಿದ್ದೆ. ಗಾಳಿ ಕೆನ್ನೆಗೆ ತಾಗಿದರೆ ಸಾಕು, ಕರೆಂಟ್ ಹೊಡೆದ ಹಾಗೆ. ಕೆಲವೇ ಸೆಕೆಂಡ್, ಆದರೆ ಮತ್ತೆ ಮತ್ತೆ. ಹಲ್ಲುಜ್ಜಲು ಭಯ, ಚಪಾತಿ ಅಗಿಯಲು ಭಯ. ಹಲ್ಲಿನ ಡಾಕ್ಟರೊಬ್ಬರು ಚೆನ್ನಾಗಿದ್ದ ದವಡೆ ಹಲ್ಲನ್ನೇ ಕಿತ್ತರು. ಹಲ್ಲು ಹೋಯಿತು, ನೋವು ಹೋಗಲಿಲ್ಲ.

ಎಂಎಸ್‌ನಲ್ಲಿ ನರದ ಮೇಲಿನ ಮಯಲಿನ್ ಹೊದಿಕೆ ಹಾಳಾಗುತ್ತದಲ್ವಾ, ಅದೇ ಇಲ್ಲೂ ಆಗಿರುವುದು. ಹಾಗಾಗಿ ಪ್ಯಾರಾಸಿಟಮಾಲ್ ನುಂಗಿದರೆ ಸುಮ್ನೆ ದಂಡ. ಕಾರ್ಬಮಾಜೆಪಿನ್ ಫಿಟ್ಸ್‌ಗೆ ಕೊಡುವ ಮಾತ್ರೆ, 1960ರ ದಶಕದಿಂದ ಈ ನೋವಿಗೂ ಕೊಡುತ್ತಾರೆ. ಶುರು ಮಾಡುವ ಮುಂಚೆ ರಕ್ತದಲ್ಲಿ ಎಚ್‌ಎಲ್‌ಎ-ಬಿ 1502 ಎಂಬ ಜೀನ್ ನೋಡಿದರು. ಅದು ಇದ್ದವರಿಗೆ ಚರ್ಮ ಸುಲಿದು ಹೋಗುವಂಥ ಅಲರ್ಜಿ ಆಗುವ ಅಪಾಯ ಜಾಸ್ತಿ.

100 ಎಂಜಿ, ಬೆಳಿಗ್ಗೆ ಒಂದು, ರಾತ್ರಿ ಒಂದು. ಕೆಲವೇ ದಿನಕ್ಕೆ ನೋವು ಮಾಯ! ಆದರೆ ಸ್ವಲ್ಪ ವಾರ ಕಳೆದ ಮೇಲೆ ಮತ್ತೆ ಇಣುಕಿತು. ದೇಹಕ್ಕೆ ಅಭ್ಯಾಸವಾದಂತೆ ಲಿವರ್ ಈ ಔಷಧಿಯನ್ನು ಬೇಗ ಬೇಗ ಕರಗಿಸಿಬಿಡುತ್ತದಂತೆ. ಡೋಸ್ ಏರಿತು.

ಕಷ್ಟ ಶುರುವಾದದ್ದು 600 ಎಂಜಿಗೆ ಬಂದಾಗ. ಸ್ಟೇಷನ್ ಮೆಟ್ಟಿಲು ಇಳಿಯುವಾಗ ಕುಡಿದವಳ ಹಾಗೆ ತೂರಾಟ. ಇಂಡಿಕೇಟರ್ ಮೇಲಿನ ಅಕ್ಷರ ಎರಡೆರಡು. ಮನೆಯವರೆಲ್ಲ ಎಂಎಸ್ ಮರುಕಳಿಸಿತು, ಇನ್ನು ಸ್ಟಿರಾಯ್ಡ್ ಡ್ರಿಪ್ಪೇ ಗತಿ ಅಂದುಕೊಂಡರು. ನ್ಯೂರಾಲಜಿಸ್ಟ್ ಮೊದಲು ಡೋಸ್ ಇಳಿಸಿ ನೋಡಿದರು, ಕಾಲು ದಾರಿಗೆ ಬಂತು. ಎಂಎಸ್ ಇಲ್ಲದವರು '800 ತಗೋತೀನಿ, ಏನೂ ಆಗಿಲ್ಲ' ಅಂತ ಬರೆದದ್ದನ್ನು ನಮ್ಮಂಥವರು ನಂಬಿ ಕೂರಬಾರದು.

ನಡುವೆ ಇದೇ ಜಾತಿಯ ಆಕ್ಸ್‌ಕಾರ್ಬಜೆಪಿನ್ ಮಾತ್ರೆ ಕೂಡ ನೋಡಿದ್ದಾಯಿತು. ತಲೆ ಹಗುರ, ಆದರೆ ರಕ್ತದಲ್ಲಿ ಸೋಡಿಯಂ ಇಳಿಯಿತು. ಈಗ ಕಡಿಮೆ ಕಾರ್ಬಮಾಜೆಪಿನ್, ಜೊತೆಗೆ ಬ್ಯಾಕ್ಲೋಫೆನ್. ಕಾಲಿನ ಬಿಗಿತಕ್ಕೆ ಅದು ಹೇಗೂ ಬೇಕಿತ್ತು. ಮಧ್ಯಾಹ್ನ ತೂಕಡಿಕೆ ತಪ್ಪಿದ್ದಲ್ಲ. ಸೋಡಿಯಂ ಪರೀಕ್ಷೆ ಈಗಲೂ ಆಗಾಗ ಮಾಡಿಸುತ್ತೇನೆ. ನೋವಿಲ್ಲ ಅಂತ ಈ ಎರಡೂ ಮಾತ್ರೆಗಳನ್ನು ದಿಢೀರ್ ನಿಲ್ಲಿಸುವ ಹಾಗಿಲ್ಲ.

ಇನ್ನೊಂದು. ಮೆಡಿಕಲ್‌ನವನು 'ಸೇಮ್ ಆಹೇ' ಅಂತ ಸಿಆರ್ (ಕಂಟ್ರೋಲ್ಡ್ ರಿಲೀಸ್) ಬದಲು ಸಾದಾ ಮಾತ್ರೆ ಕೊಡುತ್ತಾನೆ. ಸೇಮ್ ಅಲ್ಲ. ಸಿಆರ್ ನಿಧಾನಕ್ಕೆ ಬಿಡುಗಡೆಯಾಗುತ್ತದೆ, ಸಾದಾದ್ದು ಒಮ್ಮೆಲೇ ತಲೆಗೇರುತ್ತದೆ. ಸ್ಟ್ರಿಪ್ ತಿರುಗಿಸಿ ನೋಡಿಯೇ ದುಡ್ಡು ಕೊಡಿ.