ಮಾಡಿಫೈ ಮಾಡಿದ ಕಾರು ಮಾರುವವರೇ, ಪೂರ್ತಿ ಹಣ ಬಾರದೆ ಕೀ ಕೊಡಬೇಡಿ

ಚಕ್ರ, ಟಯರು, ಮ್ಯೂಸಿಕ್ ಸಿಸ್ಟಂ, ಹೆಡ್‌ಲೈಟು ಮುಂತಾದವುಗಳನ್ನು ಹೊರಗಿನಿಂದ ಹಾಕಿಸಿದ ಹಳೆಯ ಕಾರನ್ನು ಮಾರಲು ಹೊರಟಿರುವ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಉಪ್ಪಳ, ಮಂಜೇಶ್ವರ ಕಡೆಯವರೆಲ್ಲರೂ ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕು. ಇದನ್ನು ಬರೆಯಲು ನನಗೆ ಸಂಕೋಚವಿದೆ. ಮಕ್ಕಳಿಗೆ ಪಾಠ ಹೇಳುವ ಮಾಷ್ಟ್ರು ಒಬ್ಬ ಕಾರು ಬ್ರೋಕರನ ಕೈಯಲ್ಲಿ ಹೀಗೆ ಸಿಕ್ಕಿಬಿದ್ದರಂತೆ ಎಂದು ಊರಿನಲ್ಲಿ ನಾಲ್ಕು ಜನ ಆಡಿಕೊಳ್ಳುವುದು ನನಗೆ ಗೊತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಮೇಲೆ ಪ್ರಯೋಗಿಸಿದ ಉಪಾಯವನ್ನು ಆ ಮನುಷ್ಯ ಅಷ್ಟು ಸಲೀಸಾಗಿ ನಡೆಸಿದ ರೀತಿ ನೋಡಿದರೆ, ನಾನು ಅವನ ಮೊದಲ ಗಿರಾಕಿಯಾಗಿರಲಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ.

ಕಾರು 2014ರ ಸ್ವಿಫ್ಟ್ ಡೀಸೆಲ್, ವಿಡಿಐ, ಕೆಎಲ್ 14 ನೋಂದಣಿ, ಮೊದಲಿನಿಂದಲೂ ನನ್ನ ಹೆಸರಿನಲ್ಲಿಯೇ ಇದ್ದದ್ದು. ಓಡಿಸುತ್ತಿದ್ದವನು ಹೆಚ್ಚಾಗಿ ನನ್ನ ತಮ್ಮ. ಗಲ್ಫಿನಿಂದ ರಜೆಯಲ್ಲಿ ಬಂದಾಗಲೆಲ್ಲ ಅವನು ಅದಕ್ಕೆ ಏನಾದರೊಂದು ಮಾಡಿಸುತ್ತಿದ್ದ. ಕಂಪೆನಿಯಿಂದ ಬಂದ 165/80 ಅಳತೆಯ 14 ಇಂಚಿನ ಟಯರುಗಳನ್ನು ತೆಗೆದು, ಅಲಾಯ್ ಚಕ್ರಗಳೊಂದಿಗೆ 195/55 ಅಳತೆಯ 16 ಇಂಚಿನವನ್ನು ಹಾಕಿಸಿದ. ಒಳಗೆ ಟಚ್ ಸ್ಕ್ರೀನು, ಆಂಪ್ಲಿಫೈಯರು, ಡಿಕ್ಕಿಯಲ್ಲಿ ಸಬ್‌ವೂಫರು. ಮುಂದೆ ಪ್ರೊಜೆಕ್ಟರ್ ಹೆಡ್‌ಲೈಟು. ಎಲ್ಲ ಸೇರಿ ಒಂದು ಲಕ್ಷದ ಮೇಲೆಯೇ ಖರ್ಚಾಗಿದೆ, ಎಲ್ಲದರ ಬಿಲ್ಲೂ ಫೈಲಿನಲ್ಲಿದೆ. ಬಿಚ್ಚಿದ ಒರಿಜಿನಲ್ ಚಕ್ರ, ಲೈಟು, ಸ್ಟೀರಿಯೊ ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದೆವು. ಈ ಸಲ ತಮ್ಮ ಕುಟುಂಬವನ್ನೂ ಕರೆದುಕೊಂಡು ಹೋದ್ದರಿಂದ ಕಾರನ್ನು ಮಾರಿಬಿಡಿ ಅಣ್ಣಾ ಎಂದ.

ಪರಿಚಯದವರೊಬ್ಬರ ಮೂಲಕ ಬಂದವನು ಕಾಸರಗೋಡು ಪೇಟೆಯ ಹೊರಗೆ ಹಳೆಯ ಕಾರುಗಳ ವ್ಯಾಪಾರ ಮಾಡುವವನು. ಅಂಗಳದಲ್ಲಿ ನಿಂತಿದ್ದ ಕಾರಿಗೆ ಸುತ್ತು ಹಾಕಿ, ಬಾನೆಟ್ಟು ಎತ್ತಿ ನೋಡಿ, ಹಾಡು ಹಾಕಿಸಿ ಕೇಳಿ, ಚಕ್ರದ ಹತ್ತಿರ ಕುಕ್ಕುರುಗಾಲಿನಲ್ಲಿ ಕುಳಿತು ಕೈಯಾಡಿಸಿ, "ಮಾಷ್ಟ್ರೇ, ಮಾಡಿದವರಿಗೆ ಟೇಸ್ಟ್ ಉಂಟು, ಹೀಗೆ ಇದ್ದರೇ ಹುಡುಗರು ಓಡಿ ಬರುವುದು" ಎಂದ. ಹೆಡ್‌ಲೈಟು ಕಂಪೆನಿಯದ್ದಲ್ಲ, ಚಕ್ರದ ಅಳತೆ ದೊಡ್ಡದಾಗಿದೆ, ಬೇಕಿದ್ದರೆ ಎಲ್ಲ ಒರಿಜಿನಲ್ ಜೋಡಿಸಿಯೇ ಕೊಡುತ್ತೇನೆ ಎಂದು ನಾನು ಆಗಲೇ ಸ್ಪಷ್ಟವಾಗಿ ಹೇಳಿದ್ದೆ. ಅವನ ಉತ್ತರ: "ಬೇಡವೇ ಬೇಡ. ಇದಕ್ಕಾಗಿಯೇ ನಾನು ನಿಮಗೆ ಹೆಚ್ಚು ರೇಟು ಕೊಡುವುದು." ಹೀಗೆ 3,60,000 ರೂಪಾಯಿಗೆ ಮಾತಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಕಥೆಯೂ ಇದರ ಸುತ್ತಲೇ ಇದೆ.

ಒಂದು ಲಕ್ಷ ಅಡ್ವಾನ್ಸ್ ಕೊಟ್ಟ. ಉಳಿದ 2,60,000 ಮಾಲೀಕತ್ವ ವರ್ಗಾವಣೆಯ ಅರ್ಜಿ ಹಾಕುವ ದಿನ ಎಂದು ಹೇಳಿ, ಆ ಅರ್ಜಿಗೆ ಬೇಕಾದ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಂಡು, ಗಿರಾಕಿಗೆ ತೋರಿಸಬೇಕು ಎಂದು ಕಾರನ್ನೂ ಒಯ್ದ. ನಮ್ಮ ಕಡೆ ವ್ಯಾಪಾರ ನಡೆಯುವುದೇ ಹೀಗೆ ಎಂಬುದು ಓದುವ ನಿಮಗೂ ಗೊತ್ತು. ಛಾಪಾ ಕಾಗದದ ಕರಾರು ಮಲಯಾಳದಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಕಲಿತ ನಾವು ಮಲಯಾಳ ಮಾತನಾಡುತ್ತೇವೆ, ಕೈಬರಹದ ಮಲಯಾಳವನ್ನು ಸರಾಗವಾಗಿ ಓದಲು ನಮ್ಮಲ್ಲಿ ಹೆಚ್ಚಿನವರಿಗೆ ಆಗುವುದಿಲ್ಲ. ಅದನ್ನು ತಿಳಿದೇ ಅವನು ತಾನೇ ಗಟ್ಟಿಯಾಗಿ ಓದಿ ಹೇಳಿದ. ಆ ಓದಿನಲ್ಲಿ ಒಂದು ವಾಕ್ಯವನ್ನು ಬಿಟ್ಟಿದ್ದ ಎಂಬುದು ಮುಂದೆ ತಿಳಿಯಿತು: ಗಾಡಿಯಲ್ಲಿ ಯಾವುದೇ ಆಲ್ಟರೇಶನ್‌ನಿಂದ ತೊಂದರೆ ಬಂದರೆ ಮಾರಿದವರೇ ಹೊಣೆ.

ಮೊದಲ ಕೆಲವು ದಿನ ಫೋನಿಗೆ ಒಳ್ಳೆಯ ಉತ್ತರ ಬರುತ್ತಿತ್ತು. ನಂತರ ಸ್ವರ ಬದಲಾಯಿತು. "ಮಾಷ್ಟ್ರೇ, ಒಂದು ಸಣ್ಣ ಪ್ರಾಬ್ಲಂ ಉಂಟು. ಆರ್‌ಟಿಒದಲ್ಲಿ ಅರ್ಜಿ ರಿಜೆಕ್ಟ್ ಆಯಿತು. ಚಕ್ರ, ಲೈಟು ಎಲ್ಲ ಇಲ್ಲೀಗಲ್ ಅಂತೆ. ಒಂದೊಂದು ಆಲ್ಟರೇಶನ್‌ಗೆ ಐದು ಸಾವಿರ ಫೈನು, ಅದು ಓನರಿಗೆ, ಅಂದರೆ ನಿಮಗೆ." ಪರಿಹಾರವನ್ನೂ ಅವನೇ ಸೂಚಿಸಿದ. ಅಟ್ಟದಲ್ಲಿರುವ ಒರಿಜಿನಲ್ ಸಾಮಾನುಗಳನ್ನು ಕೊಟ್ಟರೆ ಜೋಡಿಸಿ ಪಾಸು ಮಾಡಿಸುತ್ತೇನೆ, ಆದರೆ ಗಾಡಿ ಈಗ ಬರೀ ಸಾದಾ ಗಾಡಿಯಾದ್ದರಿಂದ ರೇಟಿನಲ್ಲಿ 70,000 ಕಡಿಮೆ ಮಾಡಬೇಕು ಎಂದ. ಹಾಗಾದರೆ ಬಿಚ್ಚಿದ ಅಲಾಯ್ ಚಕ್ರ, ಆಂಪ್ಲಿಫೈಯರು, ಸಬ್‌ವೂಫರು ಎಲ್ಲ ನನಗೆ ವಾಪಸ್ಸು ಬರಬೇಕಲ್ಲ ಎಂದು ಕೇಳಿದೆ. "ಅದನ್ನು ಇಟ್ಟುಕೊಂಡು ನಾನೇನು ಮಾಡಲಿ, ಗುಜರಿಗೂ ಬೇಡ, ನೀವೇ ಬಂದು ಒಯ್ಯಿರಿ" ಎಂದ. ಅವನು ಕಳುಹಿಸಿದ ಹುಡುಗ ಪಿಕಪ್ಪಿನಲ್ಲಿ ಬಂದು ಒರಿಜಿನಲ್ ಚಕ್ರಗಳನ್ನೂ ಲೈಟನ್ನೂ ಹೇರಿಕೊಂಡು ಹೋದ. ಅಲ್ಲಿಗೆ ಕಾರು, ಎರಡು ಜೊತೆ ಚಕ್ರ, ಎರಡು ಜೊತೆ ಲೈಟು ಎಲ್ಲವೂ ಅವನ ಬಳಿ, ನನ್ನ ಬಳಿ ಒಂದು ಲಕ್ಷ ರೂಪಾಯಿ ಮತ್ತು ಅವನ ಫೋನ್ ನಂಬರು.

ಅಲಾಯ್ ಚಕ್ರ ತರಲು ಹೋದರೆ ಮೆಕ್ಯಾನಿಕ್ ಊರಿಗೆ ಹೋಗಿದ್ದಾನೆ ಎಂಬ ಉತ್ತರ. ಇನ್ನೊಮ್ಮೆ ಕೇಳಿದರೆ ಶೆಡ್ಡಿನ ಕೀ ಇಲ್ಲ. ಮತ್ತೊಮ್ಮೆ ಕೇಳಿದರೆ, "ನೀವು ಚಕ್ರದ ವಿಷಯ ಬಿಡಿ ಮಾಷ್ಟ್ರೇ, ಮೊದಲು ಗಾಡಿ ಪಾಸಾಗಲಿ, ಗಾಡಿ ವರ್ಕ್‌ಶಾಪಿನಲ್ಲೇ ಬಿದ್ದಿದೆ." ವರ್ಕ್‌ಶಾಪಿನಲ್ಲಿ ಬಿದ್ದಿದ್ದ ಕಾರಿನ ಹೆಸರಿನಲ್ಲಿ ನನ್ನ ಮೊಬೈಲಿಗೆ ದಂಡದ ಸಂದೇಶ ಬಂತು. 2023ರ ಜೂನಿನಿಂದ ಕೇರಳದ ರಸ್ತೆಗಳಲ್ಲಿ ದಂಡ ಹಾಕುತ್ತಿರುವ ಎಐ ಕ್ಯಾಮೆರಾ ತೆಗೆದ ಚಿತ್ರ, ಸೀಟ್ ಬೆಲ್ಟ್ ಹಾಕದ್ದಕ್ಕೆ 500 ರೂಪಾಯಿ. ಮುಂದಿನ ಗಾಜಿನ ಹಿಂದೆ ಸ್ಟೀರಿಂಗ್ ಹಿಡಿದು ಕುಳಿತವನು ಪಿಕಪ್ಪಿನಲ್ಲಿ ಬಂದಿದ್ದ ಅದೇ ಹುಡುಗ. ಚಿತ್ರವನ್ನು ಕಳುಹಿಸಿ ಕೇಳಿದಾಗ ಬಂದ ಉತ್ತರ, "ಟ್ರಯಲ್ ನೋಡಿದ್ದು."

ಅರ್ಜಿ ರಿಜೆಕ್ಟ್ ಆಯಿತು ಎಂಬ ಮಾತೂ ನನಗೆ ಚುಚ್ಚುತ್ತಲೇ ಇತ್ತು. ವರ್ಗಾವಣೆಯ ಅರ್ಜಿಯನ್ನು ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಹಾಕುವಾಗ ಮಾರುವವನ ಮೊಬೈಲಿಗೆ ಓಟಿಪಿ ಬರಬೇಕು. ನನಗೆ ಒಂದು ಓಟಿಪಿಯೂ ಬಂದಿರಲಿಲ್ಲ. ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿರುವ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿದೆ. ಆ ನಂಬರಿನ ಗಾಡಿಗೆ ಅರ್ಜಿಯೇ ಬಂದಿಲ್ಲ ಎಂದರು. ಅರ್ಜಿಯೇ ಹಾಕದವನು ಅರ್ಜಿ ತಿರಸ್ಕೃತವಾಯಿತು ಎಂದು ಹೇಳಿ 70,000 ಇಳಿಸಲು ಹೊರಟಿದ್ದ.

ಆದರೆ ನನಗೆ ನಿಜವಾಗಿ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಶಾಲೆಯ ಸ್ಟಾಫ್ ರೂಮಿನಲ್ಲಿ. ಸಹೋದ್ಯೋಗಿಯೊಬ್ಬರು ತಮ್ಮ ಮಗನ ಕಾರಿಗೆ ಅಲಾಯ್ ಚಕ್ರ ನೋಡುತ್ತಿದ್ದೇವೆ, ಇದು ಹೇಗಿದೆ ಹೇಳಿ, ನಿಮ್ಮ ತಮ್ಮನದ್ದೂ ಹೀಗೇ ಇತ್ತಲ್ಲ ಎಂದು ಮೊಬೈಲಿನಲ್ಲಿ ಬಂದ ಜಾಹೀರಾತು ತೋರಿಸಿದರು. ನಾಲ್ಕು ಕಪ್ಪು ಚಕ್ರಗಳು ಗೋಡೆಗೆ ಒರಗಿದ್ದವು. ನಮ್ಮ ಮನೆಯ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ ಎಡಬದಿಯ ಹಿಂದಿನ ಚಕ್ರ ಮುರಕಲ್ಲಿನ ಮೆಟ್ಟಿಲಿಗೆ ಉಜ್ಜಿ, ಅಂಚಿನಲ್ಲಿ ಬಾಗಿದ ಗೆರೆಯೊಂದು ಬಿದ್ದಿತ್ತು. ತಮ್ಮ ಅದಕ್ಕೆ ಕಪ್ಪು ಬಣ್ಣ ಹಚ್ಚಿದ್ದರೂ ಆ ಕಪ್ಪು ಸ್ವಲ್ಪ ನೀಲಿ ಹೊಡೆಯುತ್ತಿತ್ತು. ಕಳೆದುಹೋದ ವಾಲ್ವ್ ಮುಚ್ಚಳಕ್ಕೆ ಬದಲಾಗಿ ಸೈಕಲ್ಲಿನ ಕೆಂಪು ಮುಚ್ಚಳ ಹಾಕಿದ್ದೆವು. ಚಿತ್ರವನ್ನು ದೊಡ್ಡದು ಮಾಡಿದೆ. ನೀಲಿ ಹೊಡೆಯುವ ಗೆರೆಯೂ ಇತ್ತು, ಕೆಂಪು ಮುಚ್ಚಳವೂ ಇತ್ತು. ಟಯರು ಸಹಿತ 34,000, ಚೌಕಾಸಿ ಇಲ್ಲ. ಗುಜರಿಗೂ ಬೇಡ ಎಂದಿದ್ದ ಚಕ್ರ! ಅದರ ಕೆಳಗೆ ಆಂಪ್ಲಿಫೈಯರು, ಸಬ್‌ವೂಫರುಗಳ ಚಿತ್ರ, ಬೇರೆ ರೇಟು. ಸಹೋದ್ಯೋಗಿಯ ಎದುರಿಗೆ ನನಗೆ ಮಾತೇ ಹೊರಡಲಿಲ್ಲ. ತಮ್ಮನಿಗೆ ಏನೆಂದು ಹೇಳಲಿ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಅಲ್ಲಿಂದಲೇ ಫೋನು ಮಾಡಿದೆ. ಅವನ ಉತ್ತರಗಳನ್ನು ಒಂದೂ ಬಿಡದೆ ಬರೆಯುತ್ತೇನೆ, ಏಕೆಂದರೆ ನಿಮಗೂ ಇವೇ ಉತ್ತರಗಳು ಸಿಗಬಹುದು. "ಅಲಾಯ್ ಎಲ್ಲ ನೋಡಲು ಒಂದೇ ತರ ಇರುತ್ತದೆ ಮಾಷ್ಟ್ರೇ." ಗೆರೆಯ ವಿಷಯ ಹೇಳಿದೆ. "ಹಾಗಾದರೆ ಹುಡುಗರು ಹಾಕಿರಬೇಕು, ನನಗೆ ಗೊತ್ತಿಲ್ಲ." ಚಕ್ರ ಇವತ್ತೇ ವಾಪಸ್ಸು ಕೊಡು ಎಂದೆ. "ಗಾಡಿ ಕೊಂಡದ್ದು ನಾನು, ಗಾಡಿಯಲ್ಲಿದ್ದದ್ದೆಲ್ಲ ನನ್ನದೇ." ಹಾಗಿದ್ದರೆ 3,60,000 ಪೂರ್ತಿ ಕೊಡು ಎಂದೆ. "ಇಲ್ಲೀಗಲ್ ಗಾಡಿಗೆ ಯಾರು ಅಷ್ಟು ಕೊಡುತ್ತಾರೆ?" ಪೊಲೀಸರಿಗೆ ದೂರು ಕೊಡುತ್ತೇನೆ ಎಂದಾಗ ಅವನು ತೀರಾ ತಣ್ಣಗೆ, "ಕೊಡಿ ಮಾಷ್ಟ್ರೇ. ಗಾಡಿಗೆ ಇದೆಲ್ಲ ಹಾಕಿಸಿದ್ದು ಯಾರು ಎಂದು ಮೊದಲು ನಿಮ್ಮನ್ನೇ ಕೇಳುತ್ತಾರೆ. ನೀವು ಶಾಲೆಯಲ್ಲಿರುವವರು, ನಿಮಗೆ ಯಾಕೆ ಇದೆಲ್ಲ" ಎಂದ. ನನ್ನ ಅಂಗಳದಲ್ಲಿ ಕುಳಿತು ಚಕ್ರ ಸವರಿ ಹೊಗಳಿದ ಬಾಯಿಯೇ ಅದು. ಕೊಳ್ಳುವಾಗ ಹೆಚ್ಚುಗಾರಿಕೆ, ಹಣ ಕೊಡುವಾಗ ಅಪರಾಧ, ಬಿಚ್ಚಿ ಮಾರುವಾಗ ಮತ್ತೆ ಒಳ್ಳೆಯ ಮಾಲು.

ಅವನು ಹೆದರಿಸಲು ಬಳಸಿದ ಕಾನೂನು ಸುಳ್ಳಲ್ಲ, ಅದಕ್ಕಾಗಿಯೇ ಇದು ಅಪಾಯಕಾರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ, ಅಂದರೆ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿಯೇ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್ನಿನಲ್ಲಿ, ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಿದೆ. ಆದರೆ ಹಾಡು ಕೇಳುವ ಸಾಧನ ಆರ್‌ಸಿಯ ಯಾವ ವಿವರವನ್ನೂ ಬದಲಾಯಿಸುವುದಿಲ್ಲ. ಅದನ್ನೂ ಇಲ್ಲೀಗಲ್ ಪಟ್ಟಿಗೆ ಸೇರಿಸಿ ರೇಟು ಇಳಿಸಿದ್ದು ಅವನ ಸ್ವಂತ ಕಾನೂನು. ಅವನು ಹೇಳದೆ ಬಿಟ್ಟ ಕಾನೂನು ಇನ್ನೂ ಇದೆ. 2023ರ ಏಪ್ರಿಲಿನಿಂದ, ಹಳೆಯ ಗಾಡಿಗಳ ಡೀಲರು ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆದಿರಬೇಕು, ಗಾಡಿ ಡೀಲರಿನ ವಶಕ್ಕೆ ಹೋದಾಗ 29ಸಿ ನಮೂನೆಯಲ್ಲಿ ಅದನ್ನು ಪ್ರಾಧಿಕಾರಕ್ಕೆ ತಿಳಿಸಬೇಕಾಗುತ್ತದೆ. ಆಮೇಲೆ ಆ ಗಾಡಿಯ ಹೊಣೆ ಡೀಲರಿನದು. ಇದನ್ನು ಕೇಳಿದಾಗ, "ಅದೆಲ್ಲ ದೊಡ್ಡ ಶೋರೂಮಿನವರಿಗೆ" ಎಂದುಬಿಟ್ಟ.

ಆ ದಿನಗಳಲ್ಲಿ ನನಗೆ ನಿದ್ದೆ ಬಾರದಿದ್ದದ್ದು ಹಣಕ್ಕಾಗಿ ಮಾತ್ರವಲ್ಲ. ಸೀಟ್ ಬೆಲ್ಟ್ ಹಾಕದ ಆ ಹುಡುಗ ರಸ್ತೆಯಲ್ಲಿ ಯಾರಿಗಾದರೂ ಗುದ್ದಿದ್ದರೆ? ಗಾಡಿ ಮಾರಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದ್ದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿಯೇ ಹೇಳಿದೆ. ಪರಿಚಯದ ವಕೀಲರು ಈ ತೀರ್ಪನ್ನು ತಿಳಿಸಿದ ಮೇಲೆ ಫೋನ್ ರಿಂಗಾದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

ಠಾಣೆಯಲ್ಲಿ ಇದು ಸಿವಿಲ್ ವ್ಯವಹಾರ, ಕೂತು ಮಾತಾಡಿ ಮುಗಿಸಿಕೊಳ್ಳಿ ಎಂದರು. ಕೊನೆಗೆ ಅದೇ ವಕೀಲರ ನೋಟೀಸು, ಕ್ಯಾಮೆರಾ ಚಿತ್ರ, ಜಾಹೀರಾತಿನ ಸ್ಕ್ರೀನ್‌ಶಾಟು, ಚಕ್ರದ ಬಿಲ್ಲು ಇವೆಲ್ಲ ಒಟ್ಟಿಗೆ ಹೋದ ಮೇಲೆ ಅವನು 2,10,000 ಕೊಟ್ಟ. ಆಗ ನನ್ನ ಮೊಬೈಲಿಗೆ ಓಟಿಪಿ ಬಂತು, ಹೆಸರು ಬದಲಾಯಿತು. ಉಳಿದ 50,000 ಕೇಳಿದರೆ ಈಗ ಕರಾರಿನ ಆ ಓದದ ವಾಕ್ಯವನ್ನು ತೋರಿಸುತ್ತಾನೆ.

ಆದ್ದರಿಂದ ಮಾರುವವರು ಬಿಚ್ಚಲು ಆಗುವುದನ್ನೆಲ್ಲ ಬಿಚ್ಚಿ, ಒರಿಜಿನಲ್ ಸಾಮಾನು ಜೋಡಿಸಿ, ಕಾರನ್ನು ಕಂಪೆನಿಯ ಸ್ಥಿತಿಯಲ್ಲಿಯೇ ಮಾರಿ. ಚಕ್ರ, ಮ್ಯೂಸಿಕ್ ಸಿಸ್ಟಂಗಳನ್ನು ನೀವೇ ಬೇರೆಯಾಗಿ ಮಾರಿಕೊಳ್ಳಿ. ಹಾಗೆಯೇ ಕೊಡುವುದಾದರೆ ಯಾವ ಯಾವ ಸಾಮಾನು ಸೇರಿ ಈ ಬೆಲೆ ಎಂದು ಒಂದೊಂದನ್ನೂ ಕರಾರಿನಲ್ಲಿ ಹೆಸರಿಸಿ, ಚಿತ್ರ ತೆಗೆದಿಡಿ. ಕರಾರು ಕನ್ನಡದಲ್ಲಿಯೂ ಇರಲಿ, ಅಥವಾ ಮಲಯಾಳ ಓದಬಲ್ಲ ನಿಮ್ಮವರೊಬ್ಬರು ಪಕ್ಕದಲ್ಲಿ ಕುಳಿತು ಓದಲಿ. "ಗಿರಾಕಿಗೆ ತೋರಿಸಿ ತರುತ್ತೇನೆ" ಎಂದವನಿಗೆ ಅಂಗಳದಲ್ಲಿಯೇ ತೋರಿಸಲು ಹೇಳಿ. ನಮ್ಮ 50,000ಕ್ಕಾಗಿ ಎರಡನೆಯ ನೋಟೀಸು ಹೋಗಿದೆ, ಇನ್ನೂ ಉತ್ತರ ಬಂದಿಲ್ಲ.